ಮಲಕ್ಕಾದಲ್ಲೊಂದು ಕ್ರಿಸ್ಮಸ್, ಮತ್ತು ಐನೂರು ವರ್ಷ ಹಳೆಯದೊಂದು ಮಾತು

ಬೆನ್ನಿಗೆ ಚೀಲ ಏರಿಸಿಕೊಂಡು ದೇಶ ಸುತ್ತೋದು ಕಾಲೇಜು ಹುಡುಗರ ಕೆಲಸ ಅಂತ ನಾನೂ ಬಹಳ ವರ್ಷ ನಂಬಿಕೊಂಡಿದ್ದೆ. ನಮ್ಮ ಕಾಲದಲ್ಲಿ ಪ್ರವಾಸ ಅಂದರೆ ಒಂದು ಟ್ರಂಕು, ಎರಡು ಸೂಟ್‌ಕೇಸು, ಚಕ್ಕುಲಿ ಡಬ್ಬ, ಕುಡಿಯುವ ನೀರಿನ ಕೂಜಾ. ದಾದರ್ ಸ್ಟೇಷನ್ನಿನಲ್ಲಿ ಇಷ್ಟನ್ನೂ ಎಣಿಸಿ ಎಣಿಸಿ ಗಾಡಿ ಹತ್ತಿಸಿ ಊರಿಗೆ ಹೋಗಿ ಬಂದರೆ ಅದೇ ವರ್ಷದ ಪ್ರವಾಸ. ಅಂಥ ನಾವಿಬ್ಬರು, ನಾನು ಮತ್ತು ನನ್ನಾಕೆ, 2014ರ ಡಿಸೆಂಬರಿನಲ್ಲಿ ತಲಾ ಒಂದು ಬೆನ್ನುಚೀಲ ಹೊತ್ತು ಮಲೇಷ್ಯಾಕ್ಕೆ ಹೊರಟಾಗ ಕಾಲೋನಿಯ ವಾಚ್‌ಮನ್ ಕೂಡ ನಕ್ಕ. ಮಗಳು ಮಾತ್ರ ನಗಲಿಲ್ಲ. ಚೀಲಗಳನ್ನು ಕೊಡಿಸಿದ್ದೇ ಅವಳು. "ಒಂದು ಸಲ ನನ್ನನ್ನು ಬಿಟ್ಟು ನೀವಿಬ್ಬರೇ ಹೋಗಿ ಬನ್ನಿ" ಅಂದಿದ್ದಳು. ಹಿಂದಿಯಲ್ಲಿ ಅಂದಿದ್ದಳು ಅನ್ನೋದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ.

ಕ್ರಿಸ್ಮಸ್‌ಗೆ ಮಲಕ್ಕಾದಲ್ಲಿ ಇರಬೇಕು ಅಂತ ಪಟ್ಟು ಹಿಡಿದಿದ್ದು ನಾನು. ಕಾರಣ ಏನಂದರೆ, ನಮ್ಮೂರು ಹೊನ್ನಾವರದ ಹತ್ತಿರ. ಮುಂಬಯಿಗೆ ಬಂದ ಮೇಲೆ ಇದ್ದದ್ದೆಲ್ಲ ಪೋರ್ಚುಗೀಸರು ಆಳಿದ ಜಾಗದಲ್ಲೇ. ಹೊನ್ನಾವರ, ಗೋವಾ, ಮುಂಬಯಿ, ಮಲಕ್ಕಾ... ಈ ನಾಲ್ಕೂ ಹೆಸರು ಒಂದೇ ದಾರದಲ್ಲಿ ಪೋಣಿಸಿದ ಮಣಿಗಳು. ಹೇಗೆ ಅಂತ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಕೇಳಿ.

1510ರಲ್ಲಿ ಗೋವಾ ಬಿಜಾಪುರದ ಆದಿಲಶಾಹಿಗಳ ಕೈಯಲ್ಲಿತ್ತು. ಪೋರ್ಚುಗೀಸರ ಅಫೊನ್ಸೊ ದ ಅಲ್ಬುಕರ್ಕ್ ಹಡಗುಗಳನ್ನು ಕಟ್ಟಿಕೊಂಡು ಬೇರೆ ಕಡೆ ಹೋಗುವ ಯೋಚನೆಯಲ್ಲಿದ್ದಾಗ, ಗೋವಾದ ಮೇಲೆ ಬೀಳು, ಇದೇ ಸಮಯ ಅಂತ ಕಿವಿಯಲ್ಲಿ ಊದಿದವನು ಹೊನ್ನಾವರದ ತಿಮ್ಮೋಜ. ಪೋರ್ಚುಗೀಸ್ ದಾಖಲೆಗಳಲ್ಲಿ ಅವನು ತಿಮೋಜ. ಸಮುದ್ರದ ಮೇಲೆ ಸ್ವಂತ ದೋಣಿಪಡೆ ಇಟ್ಟುಕೊಂಡಿದ್ದ ಆಸಾಮಿ. ಆ ವರ್ಷದ ಆರಂಭದಲ್ಲಿ ಗೋವಾ ಸಿಕ್ಕಿತು, ಮೇ ತಿಂಗಳಲ್ಲಿ ಕೈಬಿಟ್ಟಿತು, ನವೆಂಬರ್ 25ರಂದು ಮತ್ತೆ ಸಿಕ್ಕಿತು. ಆಮೇಲೆ 1961ರವರೆಗೆ ಬಿಡಲಿಲ್ಲ! ಗೋವಾ ಕೈಗೆ ಬಂದ ಮರುವರ್ಷವೇ, ಅಂದರೆ 1511ರಲ್ಲಿ, ಅದೇ ಅಲ್ಬುಕರ್ಕ್ ಕೊಚ್ಚಿಯ ಕಡೆಯಿಂದ ಹೊರಟು ಮಲಕ್ಕಾದ ಮೇಲೆ ಬಿದ್ದ. ಜೊತೆಗಿದ್ದವರು ಸಾವಿರ ಚಿಲ್ಲರೆ ಜನ, ಮಲಬಾರಿನವರೂ ಅದರಲ್ಲಿ ಇದ್ದರು. ಮೊದಲ ದಾಳಿ ಜುಲೈ 25ಕ್ಕೆ, ಸಂತ ಯಾಕೋಬನ ಹಬ್ಬದ ದಿನ. ಆಗಸ್ಟ್ ಮುಗಿಯುವುದರೊಳಗೆ ಸುಲ್ತಾನ ಮಹಮೂದ್ ಶಾ ಊರು ಬಿಟ್ಟು ಓಡಿದ್ದ.

ಏನಿತ್ತು ಅಂಥದ್ದು ಮಲಕ್ಕಾದಲ್ಲಿ? ಮೆಣಸು, ಲವಂಗ, ಜಾಯಿಕಾಯಿ, ಚೀನಾದ ರೇಷ್ಮೆ, ಗುಜರಾತಿನ ಬಟ್ಟೆ ಎಲ್ಲ ಕೈ ಬದಲಾಯಿಸುತ್ತಿದ್ದ ಬಂದರು ಅದು. ಒಂದು ಮಳೆಗಾಳಿಯಲ್ಲಿ ಬಂದ ಹಡಗು ಇನ್ನೊಂದು ಗಾಳಿಗೆ ಕಾಯುತ್ತಾ ಅಲ್ಲಿ ನಿಲ್ಲಲೇಬೇಕಿತ್ತು. ಮಲಕ್ಕಾ ಬಿದ್ದ ಸ್ವಲ್ಪದರಲ್ಲೇ ಅಲ್ಲಿಗೆ ಬಂದು ಕೆಲಸ ಮಾಡಿದ ತೋಮೆ ಪಿರೆಸ್ ಎಂಬ ಔಷಧಿ ವ್ಯಾಪಾರಿ ಆ ಊರಲ್ಲಿ 84 ಭಾಷೆಗಳು ಕೇಳಿಬರುತ್ತವೆ ಅಂತ ಬರೆದಿಟ್ಟಿದ್ದಾನೆ. ನಮ್ಮ ಕುರ್ಲಾ ಸ್ಟೇಷನ್ನಿನ ಹಾಗೆ ಅಂದುಕೊಳ್ಳಿ.

ಕೌಲಾಲಂಪುರದಿಂದ ಬಸ್ಸು ಎರಡು ಗಂಟೆ. ಡಿಸೆಂಬರ್ 23ರ ಮಧ್ಯಾಹ್ನ ಇಳಿದಾಗ ಮಳೆ. ನಾವು ಹುಡುಕಿಕೊಂಡಿದ್ದ ಲಾಡ್ಜಿನಲ್ಲಿ ರೂಮೇ ಇಲ್ಲ ಅಂದರು. ಹಬ್ಬದ ಗಿರಾಕಿ ಹೆಚ್ಚು ದುಡ್ಡು ಕೊಟ್ಟಿರಬೇಕು. ಇವಳು ಒಂದೂ ಮಾತಾಡದೆ ನನ್ನ ಮುಖ ನೋಡಿದಳು. ಮೂವತ್ತು ವರ್ಷ ಸಂಸಾರ ಮಾಡಿದವರಿಗೆ ಆ ನೋಟದ ಅರ್ಥ ಗೊತ್ತಿರುತ್ತದೆ! ಕಡೆಗೆ ನದಿಯ ಪಕ್ಕದ ಹಳೇ ಚೀನೀ ಮನೆಯೊಂದರಲ್ಲಿ ಮಹಡಿ ಮೇಲೆ ಜಾಗ ಸಿಕ್ಕಿತು. ಮನೆಯಾತ ರೂಮು ತೋರಿಸುತ್ತಾ "ಅಲ್ಮಾರಿ" ಅಂತ ಕಪಾಟು ತೋರಿಸಿದ, "ತುವಾಲಾ" ಅಂತ ಕೈಗೆ ಟವೆಲ್ ಕೊಟ್ಟ. ಇವಳು ಥಟ್ಟನೆ "ಇವರು ಯಾವ ಕಡೆ ಕೊಂಕಣಿಯವರು?" ಅಂದಳು. ಅವನು ಮಾತಾಡಿದ್ದು ಶುದ್ಧ ಮಲಯ. ಆದರೆ ಮಲಯದ ಅಲ್ಮಾರಿ, ನಮ್ಮ ಅಲಮಾರು ಎರಡೂ ಪೋರ್ಚುಗೀಸಿನ ಅರ್ಮಾರಿಯೊದಿಂದ ಬಂದವು. ಇಲ್ಲಿ ಇಗರ್ಜಿ ಅಂದರೆ ಅಲ್ಲಿ ಗೆರೆಜಾ. ಇಲ್ಲಿ ಪಾದ್ರಿ, ಅಲ್ಲಿ ಪಾದೆರಿ. ಅನಾನಸು ಅಲ್ಲಿ ನಾನಾಸ್. ಫಿರಂಗಿಗಳು ಹೋಗಿ ಶತಮಾನಗಳಾದವು, ಅವರ ಕಪಾಟು ಮಾತ್ರ ಎರಡೂ ದಡದ ಮನೆಗಳಲ್ಲಿ ಉಳಿದಿದೆ.

ಮರುದಿನ ಬೆಳಿಗ್ಗೆ ಸಂತ ಪೌಲರ ಗುಡ್ಡ ಹತ್ತಿದೆವು. ಗುಡ್ಡದ ಬುಡದಲ್ಲಿ ಅಲ್ಬುಕರ್ಕ್ ಕಟ್ಟಿಸಿದ ಕೋಟೆಯ ಒಂದೇ ಒಂದು ಬಾಗಿಲು ನಿಂತಿದೆ, ಪೋರ್ತಾ ದೆ ಸಾಂತಿಯಾಗೊ. ಮಸೀದಿಗಳ, ಸುಲ್ತಾನರ ಗೋರಿಗಳ ಕಲ್ಲು ಕಿತ್ತು ಆ ಕೋಟೆ ಕಟ್ಟಿದರು ಅನ್ನೋದನ್ನು ಮರೆಯಬಾರದು. 1641ರ ಜನವರಿಯಲ್ಲಿ ಡಚ್ಚರು ಜೊಹೋರಿನ ಸುಲ್ತಾನನ ನೆರವಿನಿಂದ ಪೋರ್ಚುಗೀಸರನ್ನು ಓಡಿಸಿ ಬಾಗಿಲ ಮೇಲೆ ತಮ್ಮ ಕಂಪನಿಯ ಲಾಂಛನ ಕೆತ್ತಿಸಿದರು. 1670 ಎಂಬ ಇಸವಿ ಈಗಲೂ ಕಾಣುತ್ತದೆ. ಆಮೇಲೆ ಬಂದ ಇಂಗ್ಲಿಷರು 1807ರಲ್ಲಿ ಕೋಟೆಯನ್ನೇ ಸಿಡಿಮದ್ದು ಇಟ್ಟು ಉರುಳಿಸಿದರು. ಸ್ಟ್ಯಾಂಫರ್ಡ್ ರಾಫಲ್ಸ್ ಅಡ್ಡ ಬಂದದ್ದರಿಂದ ಈ ಬಾಗಿಲು ಉಳಿಯಿತಂತೆ. ಒಂದು ಕಾಲಕ್ಕೆ ಸಮುದ್ರದ ಅಲೆ ಕೋಟೆಯ ಬುಡಕ್ಕೇ ಬಡಿಯುತ್ತಿತ್ತು. ಈಗ ಸಮುದ್ರ ತುಂಬಿಸಿ ಮಾಲ್ ಕಟ್ಟಿದ್ದಾರೆ. ನರಿಮನ್ ಪಾಯಿಂಟ್ ನೋಡಿದ ನಮಗೆ ಇದೇನೂ ಹೊಸದಲ್ಲ ಬಿಡಿ.

ಗುಡ್ಡದ ಮೇಲೆ ಸೂರಿಲ್ಲದ ಒಂದು ಇಗರ್ಜಿ. 1521ರಲ್ಲಿ ಕಟ್ಟಲು ಶುರುವಾಗಿದ್ದು. ಒಳಗೆ ನೆಲದಲ್ಲಿ ಒಂದು ಖಾಲಿ ಗುಂಡಿ, ಮೇಲೆ ಕಬ್ಬಿಣದ ಜಾಲರಿ. ಗೋವಾಕ್ಕೆ ಹೋದವರೆಲ್ಲ ಬೊಂ ಜೀಸಸ್ ಬೆಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರನ ಬೆಳ್ಳಿ ಪೆಟ್ಟಿಗೆ ನೋಡಿರುತ್ತೀರಿ. 1552ರ ಡಿಸೆಂಬರಿನಲ್ಲಿ ಚೀನಾದ ಹತ್ತಿರ ಒಂದು ದ್ವೀಪದಲ್ಲಿ ತೀರಿಕೊಂಡ ಆತನ ಶರೀರವನ್ನು 1553ರಲ್ಲಿ ಮೊದಲು ತಂದು ಹೂಳಿದ್ದು ಈ ಗುಂಡಿಯಲ್ಲಿ. ಕೆಲವು ತಿಂಗಳ ನಂತರ ತೆಗೆದು ಗೋವಾಕ್ಕೆ ಸಾಗಿಸಿದರು. ಹೊರಗೆ ಆತನ ಬಿಳಿ ಪ್ರತಿಮೆಯೊಂದಿದೆ, 1952ರಲ್ಲಿ ನಿಲ್ಲಿಸಿದ್ದು. ನಿಲ್ಲಿಸಿದ ಮರುದಿನವೇ ಮರ ಬಿದ್ದು ಬಲಗೈ ಮುರಿಯಿತು ಅಂತ ಅಲ್ಲಿನವರು ಹೇಳುತ್ತಾರೆ. ಕೈ ಇಲ್ಲದಿರುವುದಂತೂ ಕಣ್ಣಾರೆ ಕಂಡದ್ದು. ವಿಚಿತ್ರ ಅಂದರೆ ಗೋವಾದಲ್ಲಿರುವ ಶರೀರದ ಬಲ ಮುಂಗೈಯನ್ನೂ 1614ರಲ್ಲಿ ಬೇರ್ಪಡಿಸಿ ರೋಮಿಗೆ ಒಯ್ದಿದ್ದರು.

ನನಗೆ ಅಲ್ಲಿ ನಿಂತಾಗ ಭಕ್ತಿಯೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ನಮ್ಮ ಕರಾವಳಿಯವರಿಗೆ ಪೋರ್ಚುಗೀಸರೆಂದರೆ ಎರಡು ಮನಸ್ಸು. ಉಳ್ಳಾಲದ ಅಬ್ಬಕ್ಕನ ಕಥೆ ಕೇಳಿ ಬೆಳೆದವರು ನಾವು. 1560ರಲ್ಲಿ ಗೋವಾದಲ್ಲಿ ಶುರುವಾದ ಇಂಕ್ವಿಸಿಷನ್ನಿನ ಕಾಟಕ್ಕೆ ಊರು ಬಿಟ್ಟು ಕೆನರಾಕ್ಕೆ ಬಂದವರಲ್ಲಿ ಹಿಂದೂಗಳೂ ಇದ್ದರು, ಕ್ರೈಸ್ತರೂ ಇದ್ದರು. ಅವರ ಮೊಮ್ಮಕ್ಕಳೇ ನನ್ನ ಬಾಲ್ಯದ ನೆರೆಹೊರೆ. ಡೊಂಬಿವಲಿಯಲ್ಲಿ ನಮ್ಮ ಎದುರುಮನೆ ಮಂಗಳೂರಿನ ಬಾಯಮ್ಮ ಪ್ರತಿ ಕ್ರಿಸ್ಮಸ್‌ಗೆ ಕುಸ್ವಾರ್ ತಟ್ಟೆ ಕಳಿಸುತ್ತಾರೆ, ಗೌರಿ ಹಬ್ಬಕ್ಕೆ ನಮ್ಮ ಮನೆಯಿಂದ ಕರಿಗಡಬು ಹೋಗುತ್ತದೆ. ಇತಿಹಾಸದ ಲೆಕ್ಕ ಬೇರೆ, ತಟ್ಟೆಯ ಲೆಕ್ಕ ಬೇರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಲ್ಬುಕರ್ಕನಿಗೆ ಒಂದು ಯೋಚನೆಯಿತ್ತು. ಪೋರ್ಚುಗಲ್ಲಿನಿಂದ ಜನ ತರಿಸಿ ಪೂರೈಸದು, ಆದ್ದರಿಂದ ಸಿಪಾಯಿಗಳು ಇಲ್ಲಿನ ಹೆಣ್ಣುಗಳನ್ನೇ ಮದುವೆಯಾಗಿ ನೆಲೆಸಲಿ ಅಂತ. ಅಂಥ ಸಂಸಾರಿಗಳಿಗೆ ಕಸಾದೊ ಅಂತ ಹೆಸರು. ಗೋವಾದಲ್ಲಿ ಮಾಡಿದ್ದನ್ನೇ ಮಲಕ್ಕಾದಲ್ಲೂ ಮಾಡಿದರು. ಆ ಮನೆಗಳಲ್ಲಿ ಅಪ್ಪನ ಪೋರ್ಚುಗೀಸ್, ಅಮ್ಮನ ಮಲಯ ಸೇರಿ ಮಕ್ಕಳ ಬಾಯಲ್ಲಿ ಹುಟ್ಟಿದ ಭಾಷೆ ಕ್ರಿಸ್ತಾಂಗ್. ಶಬ್ದ ಬಹುಪಾಲು ಪೋರ್ಚುಗೀಸಿನವು, ನಡಿಗೆ ಏಷ್ಯಾದ್ದು. ಬಹುವಚನ ಬೇಕಾದರೆ ಶಬ್ದವನ್ನು ಎರಡು ಸಲ ಹೇಳಿದರೆ ಆಯಿತು. ಕಾಜಾ ಅಂದರೆ ಮನೆ, ಕಾಜಾ-ಕಾಜಾ ಅಂದರೆ ಮನೆಗಳು. ಪೋರ್ಚುಗೀಸರು 'ಮನೆ' ಮೊದಲು ಹೇಳಿ ಆಮೇಲೆ 'ಪಾದ್ರಿಯದು' ಅನ್ನುತ್ತಾರೆ. ಇವರು ನಮ್ಮ ಹಾಗೆ ಪಾದ್ರಿಯನ್ನು ಮೊದಲಿಟ್ಟು ಆಮೇಲೆ ಆತನ ಸೊತ್ತನ್ನು ಹೇಳುತ್ತಾರೆ.

1641ರಲ್ಲಿ ಡಚ್ಚರು ಬಂದಾಗ ಈ ಭಾಷೆಗೆ ಆಸರೆಯಾಗಿದ್ದ ಸರಕಾರ ಹೋಯಿತು. ಕ್ಯಾಥೊಲಿಕ್ ಪೂಜೆಗೆ ನಿಷೇಧ. ಇಗರ್ಜಿಗಳು ಡಚ್ಚರ ಪಾಲಾದವು. ಉಳಿದ ಬಡ ಬೆಸ್ತರು, ಕೂಲಿಗಳು ಮನೆಗಳಲ್ಲಿ, ಊರಾಚೆಯ ಕಾಡಿನಲ್ಲಿ ಗುಟ್ಟಾಗಿ ಪ್ರಾರ್ಥನೆ ನಡೆಸಿದರು. ಪಾದ್ರಿಗಳಿಲ್ಲದಾಗ ಸಾಮಾನ್ಯ ಗೃಹಸ್ಥರೇ ಒಂದು ಬಂಧುಸಂಘ ಕಟ್ಟಿಕೊಂಡು ಹಬ್ಬಹರಿದಿನ ನಡೆಸಿಕೊಂಡು ಬಂದರು. ಅದರ ಹೆಸರು ಇರ್ಮಾಂಗ್ ದಿ ಗ್ರೆಜಾ. ಡಚ್ಚರ ಬಿಗಿ ಸ್ವಲ್ಪ ಸಡಿಲಾದ ಮೇಲೆ 1710ರಲ್ಲಿ ಸಂತ ಪೇತ್ರರ ಇಗರ್ಜಿ ಎದ್ದಿತು. ಜಾಗ ಕೊಟ್ಟದ್ದೂ ಒಬ್ಬ ಡಚ್ಚನೇ! ಇಡೀ ಮಲೇಷ್ಯಾದಲ್ಲಿ ಈಗಲೂ ಪೂಜೆ ನಡೆಯುವ ಕ್ಯಾಥೊಲಿಕ್ ಇಗರ್ಜಿಗಳಲ್ಲಿ ಅದೇ ಅತಿ ಹಳೆಯದು. ಅದರ ಗಂಟೆ ಇನ್ನೂ ಹಳತು. 1608ರಲ್ಲಿ ಗೋವಾದಲ್ಲಿ ಎರಕ ಹೊಯ್ದದ್ದು.

ಡಿಸೆಂಬರ್ 24ರ ಸಂಜೆ ನಾವು ಊಜೋಂಗ್ ಪಾಸಿರ್‌ನಲ್ಲಿರುವ ಪೋರ್ಚುಗೀಸ್ ಬಡಾವಣೆಗೆ ಹೋದೆವು. ಇದು ಹಳೇ ಕೇರಿಯಲ್ಲ. ಚದುರಿಹೋಗಿದ್ದ ಬಡ ಕುಟುಂಬಗಳಿಗೆ ಒಂದು ನೆಲೆ ಬೇಕು ಅಂತ ಇಬ್ಬರು ಪಾದ್ರಿಗಳು, ಒಬ್ಬ ಫ್ರೆಂಚ್, ಒಬ್ಬ ಪೋರ್ಚುಗೀಸ್, ಬ್ರಿಟಿಷ್ ಸರಕಾರದ ಹಿಂದೆ ಬಿದ್ದು 28 ಎಕರೆ ಜೌಗು ನೆಲ ಕೊಡಿಸಿದರು. ಮನೆಗಳು ಎದ್ದದ್ದು 1930ರ ದಶಕದಲ್ಲಿ. ಅಲ್ಲಿನವರು ಅದಕ್ಕೆ ಇಟ್ಟ ಹೆಸರು "ಪಾದ್ರಿ ಸಾ ಚಾಂಗ್", ಅಂದರೆ ಪಾದ್ರಿಯ ನೆಲ. ಕನ್ನಡದವನಿಗೆ ಅದರಲ್ಲಿ ಮೊದಲ ಶಬ್ದ ಗೊತ್ತು, ಶಬ್ದಗಳ ಸಾಲೂ ಗೊತ್ತು!

ಬೀದಿ ತುಂಬ ದೀಪ. ಒಂದು ಮನೆಯವರು ಹಾಕಿದ್ದಕ್ಕಿಂತ ಇನ್ನೊಂದು ಮನೆಯವರದ್ದು ಹೆಚ್ಚು. ಬಾದಲಿ ಮೇಲಿಟ್ಟು ಹುಲ್ಲು ಹೊದಿಸಿದ ಗೋದಲಿ, ಪ್ಲಾಸ್ಟಿಕ್ ಹಿಮ, ಬೆವರುತ್ತಿರುವ ಸಾಂತಾ ಕ್ಲಾಸ್. ಜಾಗ ಸಿಕ್ಕಲ್ಲಿ ಕಾರು ನಿಲ್ಲಿಸಿ ನೋಡಲು ಬಂದ ಚೀನೀಯರು, ಮಲಯರು, ತಮಿಳರು. ನಮ್ಮ ಲಾಲ್‌ಬಾಗ್ ಗಣಪತಿ ಸಾಲಿನ ಚಿಕ್ಕ ಆವೃತ್ತಿ ಅನ್ನಿ. ಇವಳಿಗೆ ಆಗ ಖುಷಿ ಬಂತು. ಲಾಡ್ಜಿನ ಸಿಟ್ಟು ಅಲ್ಲಿಗೆ ಇಳಿಯಿತು.

ಒಂದು ಮನೆಯ ಜಗಲಿಯಲ್ಲಿ ಎಂಬತ್ತರ ಆಸುಪಾಸಿನ ಅಜ್ಜಿಯೊಬ್ಬರು ಕೂತಿದ್ದರು. ಮಳೆ ಮತ್ತೆ ಶುರುವಾಗಿದ್ದರಿಂದ ನಾವು ಅವರ ಸೂರಿನಡಿ ನಿಂತೆವು. "ಚುಬಾ" ಅಂದರು ಆಕಾಶ ತೋರಿಸಿ. ಮಳೆ ಅಂತ. ಆಮೇಲೆ "ಬೋಂಗ್ ನಾತಾಲ್" ಅಂದರು. ಒಳಗೆ ಕರೆದು ಕೂರಿಸಿದರು. ಬೆನ್ನುಚೀಲ ಹೊತ್ತ ನಮ್ಮ ವಯಸ್ಸು ನೋಡಿ ಅವರಿಗೂ ನಗು. ಇಂಗ್ಲಿಷ್ ಚೆನ್ನಾಗಿ ಮಾತಾಡುತ್ತಿದ್ದರು.

ತಿನ್ನಲು ಕೊಟ್ಟಿದ್ದು ಸೂಜಿ ಕೇಕು. ಸೂಜಿ ಅಂದರೆ ನಮ್ಮ ರವೆಯೇ! ರವೆ, ಬೆಣ್ಣೆ, ಬಾದಾಮಿ ಹಾಕಿ ಮಾಡುವ ಇದು ಅವರ ಹಬ್ಬದ ಮನೆಯಲ್ಲಿ ಇರಲೇಬೇಕು. "ಸಜ್ಜಿಗೆಗೆ ಪ್ಯಾಂಟು ಹಾಕಿದ ಹಾಗಿದೆ" ಅಂದಳು ಇವಳು. ಮೊಟ್ಟೆ ಇದೆ ಅಂತ ಗೊತ್ತಿದ್ದೂ ಎರಡು ತುಂಡು ತಿಂದಳು, ನಾನು ನೋಡಲಿಲ್ಲ ಅಂತ ಬರೆದುಕೊಳ್ಳಿ. ಒಲೆಯ ಮೇಲೆ ಡೆಬಾಲ್ ಸಾರು ಕುದಿಯುತ್ತಿತ್ತು. ಒಣಮೆಣಸಿನಕಾಯಿ, ಸಾಸಿವೆ, ವಿನಿಗರ್ ಹಾಕಿ ಮಾಡುವ ಮಾಂಸದ ಅಡುಗೆ. ಹಬ್ಬದ ಮರುದಿನ ಉಳಿದ ಮಾಂಸವನ್ನೆಲ್ಲ ಅದಕ್ಕೇ ಹಾಕುತ್ತಾರಂತೆ. ಗೋವಾದ ವಿಂದಾಲೂವಿನ ದೂರದ ತಂಗಿ. ಮೆಣಸಿನಕಾಯಿಯನ್ನು ಅಮೆರಿಕದ ಕಡೆಯಿಂದ ನಮ್ಮ ಕಡೆಗೆ ತಂದವರೂ ಇವರ ಮುತ್ತಜ್ಜಂದಿರ ಪೈಕಿಯವರೇ ಅನ್ನೋದು ನೆನಪಾಯಿತು. ಬ್ಯಾಡಗಿಯವರು ಕೇಳಿಸಿಕೊಳ್ಳಬಾರದು.

ನಾನು ಕುತೂಹಲಕ್ಕೆ ಕೇಳಿದೆ: ನಾನೂರು ವರ್ಷ ಹತ್ತಿರ ಹತ್ತಿರ ಶಾಲೆಯಿಲ್ಲ, ಸರಕಾರವಿಲ್ಲ, ಪುಸ್ತಕವಿಲ್ಲ. ಹೇಗೆ ಉಳಿಯಿತು ಈ ಭಾಷೆ? ಅಜ್ಜಿ ಬಹಳ ಹೊತ್ತು ಯೋಚಿಸಲಿಲ್ಲ. "ನಾವು ಬಡವರಾಗಿದ್ದೆವಲ್ಲ" ಅಂದರು. ಗಂಡಸರು ರಾತ್ರಿ ಸಮುದ್ರದಂಚಿನಲ್ಲಿ ಸೀಗಡಿ ಮರಿ ಹಿಡಿಯುತ್ತಿದ್ದರು, ಹೆಂಗಸರು ಅದನ್ನು ಒಣಗಿಸಿ ಮಾರುತ್ತಿದ್ದರು. ಎಲ್ಲರೂ ಒಂದೇ ಕೇರಿ, ಒಂದೇ ಕೆಲಸ. ಬೇರೆ ಭಾಷೆಯ ಅಗತ್ಯವೇ ಬೀಳಲಿಲ್ಲ. ಮಕ್ಕಳು ಇಂಗ್ಲಿಷ್ ಶಾಲೆಗೆ ಹೋದರು, ಸಿಂಗಪುರ, ಆಸ್ಟ್ರೇಲಿಯಾ ಸೇರಿದರು. "ಈಗ ಮೊಮ್ಮಕ್ಕಳಿಗೆ ಬೈಗುಳ ಬರುತ್ತದೆ, ಹಾಡು ಬರುತ್ತದೆ. ನಡುವಿನದ್ದು ಬರುವುದಿಲ್ಲ" ಅಂದು ನಕ್ಕರು.

ಹೊರಗೆ ಹುಡುಗ ಹುಡುಗಿಯರು ಕೆಂಪು ಕಪ್ಪು ಲಂಗ ತೊಟ್ಟು ಪೋರ್ಚುಗೀಸ್ ಕುಣಿತ ಕುಣಿಯುತ್ತಿದ್ದರು. ಟೂರಿಸ್ಟುಗಳು ಐನೂರು ವರ್ಷದ ಪರಂಪರೆ ಅಂತ ಫೋಟೋ ತೆಗೆಯುತ್ತಿದ್ದರು. ನಿಜ ಏನಂದರೆ ಆ ಲಂಗದ ಕುಣಿತ ಬಂದದ್ದು 1950ರ ದಶಕದಲ್ಲಿ. 1952ರಲ್ಲಿ ಪೋರ್ಚುಗಲ್ಲಿನ ಮಂತ್ರಿಯೊಬ್ಬರು ಬರುತ್ತಾರೆ ಅಂತ ಹೊಸದಾಗಿ ಕಲಿತದ್ದು. ನಿಜಕ್ಕೂ ಹಳೆಯದು ಬ್ರಾಂಞೊ ಎಂಬ ಅವರದೇ ಕುಣಿತ, ಜಿಂಕ್ಲಿ ನೋನಾ ಎಂಬ ಹಾಡು, ಮತ್ತು ಅಜ್ಜಿಯ ಬಾಯಿಯ ಆ ಮಾತು. ಕುಣಿತಕ್ಕೆ ಸ್ಟೇಜು ಸಿಕ್ಕಿತು, ಮಾತಿಗೆ ಸಿಗಲಿಲ್ಲ. ನಮ್ಮ ರಾಜ್ಯೋತ್ಸವಗಳು ನೆನಪಾದವು. ಡೊಳ್ಳು ಕುಣಿತ ಭರ್ಜರಿ, ಡೊಳ್ಳು ನೋಡುತ್ತಾ ಮಕ್ಕಳು ತಮ್ಮ ತಮ್ಮೊಳಗೆ ಮಾತಾಡೋದು ಹಿಂದಿ!

ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಲ್ಲಿ ಹುಟ್ಟಿದ್ದು. ಹೋಟೆಲಿನಲ್ಲಿ ಹಗಲೆಲ್ಲ ತಟ್ಟೆ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮೇಲೆ ಬಂದವರನ್ನು ನಾನು ಸ್ವತಃ ಬಲ್ಲೆ. ಅಷ್ಟೆಲ್ಲ ಇದ್ದೂ ನನ್ನ ಮನೆಯಲ್ಲಿ ಏನಾಯಿತು? ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಅರೆಬರೆ ಮಾತಾಡುತ್ತಾಳೆ, ಒಂದಕ್ಷರ ಓದಲು ಬರುವುದಿಲ್ಲ. ಇಂಗ್ಲಿಷ್ ಶಾಲೆ, ಅದರ ಮೇಲೆ ಮರಾಠಿ, ಹಿಂದಿ. ಇನ್ನೂ ಒಂದು ಯಾಕೆ ಹೇರಬೇಕು ಅಂತ ನಾನೇ ಅಂದಿದ್ದೆ. ಇವಳು ಕಲಿಸೋಣ ಅಂದಾಗಲೂ ನಾನೇ ಬೇಡ ಅಂದವನು.

ಆ ರಾತ್ರಿ ಸಂತ ಪೇತ್ರರ ಇಗರ್ಜಿಯ ಹೊರಗೆ ಜನಜಂಗುಳಿಯಲ್ಲಿ ನಿಂತಿದ್ದೆವು. ಮಧ್ಯರಾತ್ರಿ ಗಂಟೆ ಬಾರಿಸಿತು. ಅದು ಗೋವಾದ ಆ ಹಳೇ ಗಂಟೆಯೋ ಬೇರೆಯದೋ ನಾನು ಯಾರನ್ನೂ ಕೇಳಲಿಲ್ಲ. ಮಗಳ ಫೋನು ಬಂತು. ಅಜ್ಜಿಯ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಈ ಸಲ ಕನ್ನಡದಲ್ಲೇ ಕೇಳಿದಳು: "ಅಪ್ಪಾ, ಅಜ್ಜಿ ಬರೆದ ಕಾಗದಗಳು ಟ್ರಂಕಿನಲ್ಲಿ ಇವೆಯಲ್ಲ, ಅದರಲ್ಲಿ ನನ್ನ ಬಗ್ಗೆ ಏನಾದರೂ ಇದೆಯಾ?"

ಇದೆ. ಅವಳು ಹುಟ್ಟಿದ ವರ್ಷದಿಂದ ನನ್ನ ಅಮ್ಮ ತೀರಿಕೊಳ್ಳುವವರೆಗೆ ಪ್ರತಿ ಕಾಗದದಲ್ಲೂ ಇದೆ. ಕೆಲವು ಕಾಗದಗಳ ಕೊನೆಗೆ ನಾಲ್ಕು ಸಾಲು ಅವಳಿಗೇ ಅಂತ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದದ್ದು, ಮಗು ಓದಿಕೊಳ್ಳಲಿ ಅಂತ. ನಾನು ಎಂದೂ ಓದಿ ಹೇಳಿರಲಿಲ್ಲ. ಫೋನಿನಲ್ಲಿ "ಇದೆ" ಅಂತಷ್ಟೇ ಅಂದೆ. ಪಕ್ಕದಲ್ಲಿದ್ದ ಇವಳು ನನ್ನ ಕೈಯಿಂದ ಫೋನು ತೆಗೆದುಕೊಂಡು "ಬಂದ ಮೇಲೆ ಕೂತು ಕಲಿಯೋಣ" ಅಂದಳು.

ವಾಪಸು ಬಂದ ಮೇಲೆ ಇನ್ನೊಂದು ಸಂಗತಿ ಗೊತ್ತಾಯಿತು. ಇಂಥದೇ ಭಾಷೆಯೊಂದು ನಮ್ಮ ಮುಂಬಯಿಯ ಬಗಲಲ್ಲೇ ಇದೆ! ಅಲಿಬಾಗ್ ದಾಟಿ ರೇವದಂಡಾದ ಖಾಡಿಯಾಚೆ ಕೊರ್ಲಾಯಿ ಎಂಬ ಹಳ್ಳಿ. 1740ರಲ್ಲಿ ಪೋರ್ಚುಗೀಸರು ಚೌಲ್ ಪ್ರದೇಶವನ್ನು ಮರಾಠರಿಗೆ ಬಿಟ್ಟು ಹೋದರು. ಕೋಟೆಯ ಬುಡದ ಆ ಹಳ್ಳಿಯ ಕ್ರೈಸ್ತರು ಮಾತ್ರ ಸುತ್ತ ಮರಾಠಿಯಿದ್ದರೂ ಮನೆಯೊಳಗೆ ಪೋರ್ಚುಗೀಸ್ ಬೆರಕೆಯ ತಮ್ಮದೇ ಮಾತನ್ನು ಉಳಿಸಿಕೊಂಡರು. ಹೆಸರೇನು ಗೊತ್ತಾ? "ನೊ ಲಿಂಗ್". ಅಂದರೆ ನಮ್ಮ ಭಾಷೆ, ಅಷ್ಟೇ. ಗೇಟ್‌ವೇಯಿಂದ ಲಾಂಚು ಹತ್ತಿ ಹೋಗಿ ಬಂದೆವು, ಈ ಸಲ ಮೂವರೂ.

ದಾರಿಯಲ್ಲಿ ಮಗಳು ಅಂಗಡಿಗಳ ಮರಾಠಿ ಬೋರ್ಡು ಓದುತ್ತಾ, ಪ್ರತಿ ಅಕ್ಷರಕ್ಕೂ ಕನ್ನಡದ್ದು ಹೇಗೆ ಅಂತ ಕೇಳುತ್ತಾ ಬಂದಳು. ಆಮೇಲಿನ ಭಾನುವಾರಗಳಲ್ಲಿ ಒಂದೊಂದೇ ಕಾಗದ. ಒತ್ತಕ್ಷರ ಬಂದಲ್ಲಿ ಎಡವುತ್ತಿದ್ದಳು. ನನ್ನಮ್ಮನ ಕೈಬರಹವೂ ಅಷ್ಟೇನು ಸುಲಭದ್ದಲ್ಲ ಬಿಡಿ. ದೊಡ್ಡ ಅಕ್ಷರದ ಆ ನಾಲ್ಕು ಸಾಲುಗಳನ್ನು ಮಾತ್ರ ಯಾರ ಸಹಾಯವೂ ಇಲ್ಲದೆ ತಾನೇ ಓದಿದಳು. ಏನಿತ್ತು ಅಂತ ಇಲ್ಲಿ ಬರೆಯುವುದಿಲ್ಲ. ಅದು ಅವಳಿಗೆ ಬಂದ ಕಾಗದ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಟ್ರಂಕು ಇದ್ದೀತು. ಒಮ್ಮೆ ತೆಗೆದು ನೋಡಿ.